ಸರ್ವರ್ ಇಲ್ಲ

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡಿನ ಎದುರಿಗಿದ್ದ ಅನಸೂಯಳ ಇಂಟರ್‌ನೆಟ್ ಅಂಗಡಿಗೆ ಬರುವವರು ಚಪ್ಪಲಿ ಬಿಡುವ ಮೊದಲೇ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು: "ಸರ್ವರ್ ಐತಾ?" ಇದೆ ಅಂದರೆ ಒಳಗೆ, ಇಲ್ಲ ಅಂದರೆ ಬಂದ ದಾರಿ. ಯಾಕಿಲ್ಲ ಅಂತ ಯಾರೂ ಕೇಳುತ್ತಿರಲಿಲ್ಲ. ನಾಲ್ಕು ಕಡೆ ಕೇಳಿ ಕೇಳಿ, ಮೋಡ ಇಲ್ಲ ಅನ್ನುವ ಹಾಗೆ ಅದೂ ಒಂದು ಮಾತಾಗಿಹೋಗಿತ್ತು.

ಆ ಸೋಮವಾರ ಮುತ್ತಮ್ಮ ಬಂದಾಗ ಅನಸೂಯ ರೇಷ್ಮೆ ಸೀರೆ ಉಟ್ಟು, ಬೀಗದ ಕೈ ಕೈಯಲ್ಲಿ ಹಿಡಿದು ನಿಂತಿದ್ದಳು. ಪಕ್ಕದ ವಿಜಯಪುರದಲ್ಲಿ ತಂಗಿಯ ಸೀಮಂತ. ಆಟೋದವನು ಎರಡು ಸಲ ಹಾರ್ನ್ ಹೊಡೆದಿದ್ದ.

"ಒಂದ್ ಗಳಿಗೆ ಕಣವ್ವ," ಎಂದು ಮುದುಕಿ ಸೆರಗಿನ ಒಳಗಿಂದ ಪ್ಲಾಸ್ಟಿಕ್ ಕವರು ತೆಗೆದಳು. "ನಮ್ಮ ಹರ್ಷಿತಂದು ಮಾರ್ಕ್ಸ್ ಕಾರ್ಡು. ಏರ್‌ಪೋರ್ಟಲ್ಲಿ ಲಗೇಜು ನೋಡೋ ಕಂಪ್ನಿಗೆ ಹುಡ್ಗೀರನ್ನ ಕರ್ದವ್ರಂತೆ. ಇವತ್ತೇ ಕೊನೆ ಅಂದ್ಲು. ಅವ್ಳಿಗೆ ಬಟ್ಟೆ ಅಂಗಡೀಲಿ ರಜ ಕೊಡಲ್ಲ, ಅದ್ಕೇ ನನ್ ಕಳಿಸವ್ಳೆ."

ಹರ್ಷಿತ ಮುತ್ತಮ್ಮನ ಮಗಳ ಮಗಳು. ದೇವನಹಳ್ಳಿಯಲ್ಲಿ ದಿನವಿಡೀ ನಿಂತು ಸೀರೆ ಮಡಿಸುವ ಹುಡುಗಿ. ಕೂತು ಮಾಡುವ ಕೆಲಸ ಒಂದು ಸಿಕ್ಕರೆ ಸಾಕು ಅಂತ ಅಂಗಡಿಗೆ ಬಂದಾಗಲೆಲ್ಲ ಹೇಳುತ್ತಿದ್ದಳು.

ಅನಸೂಯ ನಿಂತುಕೊಂಡೇ ಕಂಪನಿಯ ಹೆಸರು ಒತ್ತಿದಳು. ಪರದೆಯ ಮೇಲೆ ಮುಖ ಸಪ್ಪಗೆ ಮಾಡಿಕೊಂಡ ಒಂದು ಹಾಳೆಯ ಚಿತ್ರ, ಅದರ ಕೆಳಗೆ ಇಂಗ್ಲಿಷಿನಲ್ಲಿ ಎರಡು ಸಾಲು. ಆ ಸಾಲಿನಲ್ಲಿ 'ಸರ್ವರ್' ಅನ್ನುವ ಪದ ಕಣ್ಣಿಗೆ ಬಿತ್ತು. ಮುಂದಕ್ಕೆ ಓದಲಿಲ್ಲ.

"ಸರ್ವರ್ ಇಲ್ಲ ಅಜ್ಜಿ. ನಾಳೆ ಬನ್ನಿ."

"ಎಲ್ ಹೋದ ಅವ್ನು, ಊಟಕ್ಕಾ?" ಮುತ್ತಮ್ಮನಿಗೆ ಗೊತ್ತಿದ್ದ ಸರ್ವರ್ ಹೋಟೆಲಿನಲ್ಲಿ ಇಡ್ಲಿ ತಂದಿಡುವವನು.

ಅನಸೂಯ ನಕ್ಕಳು. "ಊಟಕ್ಕೇ ಅಂದ್ಕೊಳಿ."

"ಇವತ್ತೇ ಕೊನೆ ಅಂದ್ಲಲ್ಲ?"

"ಸರ್ವರ್ ಇಲ್ದಿದ್ರೆ ಅವ್ರೇ ದಿನ ಮುಂದಕ್ ಹಾಕ್ತಾರೆ. ಯಾವಾಗ್ಲೂ ಹಂಗೇ."

"ನೀನೇನ್ ಮಾಡ್ತೀಯ ತಾಯಿ, ಅವ್ನಿಲ್ದಿದ್ ಮೇಲೆ," ಎಂದು ಮುತ್ತಮ್ಮ ಕವರನ್ನು ಮತ್ತೆ ಸೆರಗಿಗೆ ಸೇರಿಸಿದಳು. ಅವಳು ರಸ್ತೆ ದಾಟುವ ಮೊದಲೇ ಅನಸೂಯ ಷಟರ್ ಎಳೆದಾಗಿತ್ತು.

ಮಾರನೆಯ ದಿನ ಕಸ ಗುಡಿಸಿ, ದೇವರಿಗೆ ಊದುಬತ್ತಿ ಹಚ್ಚಿ, ಅನಸೂಯ ಮೊದಲು ತೆರೆಯಲು ಹೋದದ್ದು ಅದೇ ಕಂಪನಿಯ ಪುಟವನ್ನು. ಮತ್ತೆ ಅದೇ ಸಪ್ಪೆ ಹಾಳೆ. ಬೇರೆ ಏನು ಒತ್ತಿದರೂ ತೆರೆದುಕೊಳ್ಳುತ್ತದೆ, ಇದೊಂದೇ ಇಲ್ಲ. ಕಂಪ್ಯೂಟರ್ ಆರಿಸಿ ಹಚ್ಚಿದಳು. ನೆಟ್ಟಿನ ಡಬ್ಬದ ವೈರು ಕಿತ್ತು ಮತ್ತೆ ಸಿಕ್ಕಿಸಿದಳು. ಕೊನೆಗೆ ಸುಮ್ಮನೆ ತನ್ನ ಮೊಬೈಲಿನಲ್ಲಿ, ಮೊಬೈಲಿನದೇ ನೆಟ್ಟಿನಲ್ಲಿ ಒತ್ತಿ ನೋಡಿದಳು.

ಕಣ್ಣು ಮಿಟುಕಿಸುವುದರೊಳಗೆ ತೆರೆದುಕೊಂಡಿತು. ನೀಲಿ ಅಂಗಿ ತೊಟ್ಟ ಹುಡುಗಿಯರು ನಗುತ್ತಾ ನಿಂತಿದ್ದರು. ಅವರ ಕಾಲ ಕೆಳಗೆ ಕೆಂಪು ಅಕ್ಷರ: ಅರ್ಜಿ ಸಲ್ಲಿಸುವ ಅವಧಿ ಮುಗಿದಿದೆ.

ಅನಸೂಯ ಕುರ್ಚಿ ಎಳೆದುಕೊಂಡು ಕೂತು ಕಂಪ್ಯೂಟರಿನ ಆ ಎರಡು ಸಾಲನ್ನು ಆಗ ಪೂರ್ತಿ ಓದಿದಳು. ಸರ್ವರ್ ಇಲ್ಲ ಅಂತ ಅಲ್ಲಿ ಬರೆದೇ ಇರಲಿಲ್ಲ. ಸರ್ವರಿನ ವಿಳಾಸ ಸಿಗಲಿಲ್ಲ ಅಂತ ಬರೆದಿತ್ತು. ಕೆಳಗೆ ಸಣ್ಣಕ್ಷರದಲ್ಲಿ ಡಿಎನ್‌ಎಸ್ ಅಂತ.

ಇಂಗ್ಲಿಷಿನ ಆ ಮೂರಕ್ಷರವನ್ನು ಅವಳು ಮೊದಲೂ ನೋಡಿದ್ದಳು. ದಸರಾ ರಜದಲ್ಲಿ ಹೈಸ್ಕೂಲು ಹುಡುಗರು ಕೂತು ನೋಡಬಾರದ್ದನ್ನೆಲ್ಲ ನೋಡುತ್ತಾರೆ ಅಂತ, ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿಕೊಂಡು, ಸೆಟ್ಟಿಂಗಿಗೆ ಹೋಗಿ ಅವೇ ಅಕ್ಷರಗಳ ಎದುರು ಬೇರೆ ಅಂಕಿಗಳನ್ನು ತುಂಬಿದ್ದವಳು ಅವಳೇ. ಹೊಸ ಊರಿಗೆ ಹೋದವರು ಸರ್ಕಲ್ಲಿನಲ್ಲಿ ಮನೆ ಕೇಳುವ ಹಾಗೆ, ಕಂಪ್ಯೂಟರು ಪ್ರತಿ ಹೆಸರಿಗೂ ವಿಳಾಸ ಕೇಳುತ್ತದೆ. ಕೆಟ್ಟ ಮನೆಗಳ ದಾರಿ ಹೇಳದ ಒಬ್ಬ ಬಿಗಿ ಮನುಷ್ಯನ ಹತ್ತಿರ ಮಾತ್ರ ಕೇಳು ಅಂತ ಅವಳು ಕಟ್ಟು ಮಾಡಿದ್ದಳು. ಹೊಸದಾಗಿ ಶುರುವಾದ ಕಂಪನಿ. ಅವನಿಗೆ ಅದರ ಮೇಲೂ ಅನುಮಾನ. ಅಂಥ ಮನೆಯೇ ಇಲ್ಲ ಅಂದುಬಿಟ್ಟಿದ್ದ.

ಅಂಕಿಗಳನ್ನು ಅಳಿಸಿ, ಮೊದಲಿನ ಹಾಗೆ ತಾನೇ ಹುಡುಕಿಕೊಳ್ಳಲಿ ಅಂತ ಬಿಟ್ಟಳು. ನೀಲಿ ಅಂಗಿಯ ಹುಡುಗಿಯರು ದೊಡ್ಡ ಪರದೆಗೂ ಬಂದರು. ಅಷ್ಟೇ ಕೆಲಸ. ನಿನ್ನೆ ಮೊಬೈಲಿನಲ್ಲಿ ನೋಡಿದ್ದರೆ ಇಷ್ಟೂ ಬೇಕಿರಲಿಲ್ಲ. ಮೊಬೈಲು ಕೈಯಲ್ಲೇ ಇತ್ತು. ಸೀರೆಯ ನೆರಿಗೆ ಹೇಗೆ ಬಂದಿದೆ ಅಂತ ಅದರಲ್ಲೇ ನೋಡಿಕೊಂಡಿದ್ದಳು.

ಪಕ್ಕದ ಮೊಬೈಲ್ ರಿಪೇರಿ ಅಂಗಡಿಯ ಇಮ್ರಾನ್ ಟೀ ಹಿಡಿದು ಬಂದ. "ಏನಕ್ಕಾ, ಸೀಮಂತದಲ್ಲಿ ಹೋಳಿಗೆ ಜಾಸ್ತಿ ಆಯ್ತಾ? ಮುಖ ಹಿಂಗಿದೆ."

ಅನಸೂಯ ಹೇಳಿದಳು.

ಇಮ್ರಾನ್ ಲೋಟ ಇಟ್ಟ. "ಹೇಳೋಕ್ ಹೋಗ್ಬೇಡಿ. ಹೇಳಿದ್ರೆ, ನಾಳೆಯಿಂದ ನೀವು ಸರ್ವರ್ ಇಲ್ಲ ಅಂದಾಗ ಯಾರು ನಂಬ್ತಾರೆ ನಿಮ್ಮನ್ನ? ಸರ್ವರ್ ಮೇಲೇ ಹಾಕಿ. ಅದಕ್ಕೇನ್ ಬಾಯಿ ಐತಾ?"

ಅವಳೂ ಅದನ್ನೇ ಅಂದುಕೊಂಡಿದ್ದಳು. ಇನ್ನೊಬ್ಬರ ಬಾಯಲ್ಲಿ ಕೇಳಿದಾಗ ಮಾತ್ರ ಅದು ಸರಿ ಅನ್ನಿಸಲಿಲ್ಲ.

ಬಿಸಿಲೇರುವ ಹೊತ್ತಿಗೆ ಮುತ್ತಮ್ಮ ಬಂದಳು. ಒಂದು ಕೈಯಲ್ಲಿ ಕವರು, ಇನ್ನೊಂದರಲ್ಲಿ ಚೀಲ. ಚೀಲವನ್ನು ಮೇಜಿನ ಮೇಲೆ ಇಟ್ಟಾಗ ಅವರೆಕಾಯಿಯ ಸೊಗಡು ಅಂಗಡಿಯೆಲ್ಲ ಹರಡಿತು.

"ನಿನ್ನೆ ಊರಿಗೆ ಹೊಂಟೋಳ್ನ ನಿಲ್ಲಿಸ್ಬಿಟ್ಟೆ. ಬೆಳಿಗ್ಗೆ ಬಿಡಿಸಿದ್ದು, ಸಾರ್ ಮಾಡ್ಕೊ. ಬಂದ್ನಾ ಅವ್ನು?"

"ಅಜ್ಜಿ, ಅದು ಮುಗಿದೋಯ್ತು. ನಿನ್ನೆಗೇ."

ಮುತ್ತಮ್ಮ ಸ್ಟೂಲಿನ ಮೇಲೆ ಕೂತಳು. ಆಮೇಲೆ ಸೊಂಟದಿಂದ ಸಣ್ಣ ಫೋನು ತೆಗೆದಳು. "ಇವ್ಳಿಗೆ ನೀನೇ ಒಂದ್ ಮಾತು ಹೇಳ್ಬಿಡವ್ವ. ರಾತ್ರಿಯೆಲ್ಲ ಬೈದವ್ಳೆ. ಹೊಲದ್ ಕೆಲ್ಸ ನೋಡ್ಕೊಂಡು ಹೊತ್ತು ಮಾಡ್ಕೊಂಡು ಹೋದೆ, ನಿನ್ ಅವರೆಕಾಯಿ ಹೆಚ್ಚಾಯ್ತು ಅಂತ. ಸರ್ವರ್ ಇರ್ಲಿಲ್ಲ ಕಣೇ ಅಂದ್ರೆ ನಂಬಲ್ಲ, ಸುಳ್ಳು ಅಂತಾಳೆ. ನೀನ್ ಹೇಳಿದ್ರೆ ನಂಬ್ತಾಳೆ."

ಫೋನು ಆಗಲೇ ರಿಂಗಾಗುತ್ತಿತ್ತು. ಮುದುಕಿ ಅದನ್ನು ಅನಸೂಯಳ ಕೈಗಿಟ್ಟಳು.

"ಅಜ್ಜೀ, ಗಿರಾಕಿ ಅವ್ರೆ, ಏನು ಬೇಗ ಹೇಳು," ಎಂದಿತು ಹರ್ಷಿತಳ ದನಿ.

"ನಾನಮ್ಮ, ಅನಸೂಯ."

"ಅಕ್ಕಾ, ನಿಜವಾಗ್ಲೂ ಸರ್ವರ್ ಇರ್ಲಿಲ್ವಾ?"

ಇರಲಿಲ್ಲ ಅಂದರೆ ಅಜ್ಜಿಯ ಮೇಲಿನ ಬೈಗುಳ ನಿಲ್ಲುತ್ತದೆ. ಅಂಗಡಿಯ ಹೆಸರೂ ಉಳಿಯುತ್ತದೆ. ಇಬ್ಬರಿಗೂ ಒಳ್ಳೆಯದೇ ಅಲ್ಲವೇ ಅಂತ ಒಂದು ಗಳಿಗೆ ಲೆಕ್ಕ ಹಾಕಿದಳು. ಮೇಲೆ ವಿಮಾನವೊಂದು ತಗ್ಗಿನಲ್ಲಿ ಹೋಯಿತು. ಸದ್ದು ಅಡಗುವ ತನಕ ಕಾಯಬೇಕಾಯಿತು. ಮುತ್ತಮ್ಮ ಅವಳ ಮುಖವನ್ನೇ ನೋಡುತ್ತಿದ್ದಳು, ಸಾಕ್ಷಿ ಹೇಳುವವಳನ್ನು ನೋಡುವ ಹಾಗೆ.

"ಸರ್ವರ್ ಇತ್ತಮ್ಮ," ಅಂದಳು ಅನಸೂಯ. "ನಿಮ್ಮಜ್ಜಿ ಹೊತ್ತಿಗೇ ಬಂದಿದ್ರು. ನನ್ ಕಂಪ್ಯೂಟರ್ ಕೆಟ್ಟಿತ್ತು. ಕೆಡಿಸಿದ್ದೂ ನಾನೇ. ಹೋಗೋ ಆತುರದಲ್ಲಿ ನೋಡ್ದೆ ಕಳಿಸ್ಬಿಟ್ಟೆ."

ಆ ಕಡೆ ಸೀರೆ ಕೊಡವುವ ಸದ್ದು ಕೇಳಿಸಿತು. ಆಮೇಲೆ ಫೋನು ಕಟ್ಟಾಯಿತು.

"ಇದ್ನಾ?" ಅಂದಳು ಮುತ್ತಮ್ಮ. "ಬಸ್ಸಲ್ಲೆಲ್ಲ ಹೇಳ್ಕೊಂಡ್ ಹೋದ್ನಲ್ಲವ್ವ, ಇಲ್ಲ ಅಂತ."

"ತಪ್ಪಾಯ್ತು ಅಜ್ಜಿ. ಕಂಪ್ನಿಯವ್ರ ನಂಬರ್ ಐತೆ, ಫೋನ್ ಮಾಡಿ ಕೇಳ್ತೀನಿ. ಮುಂದಿನ ಸಲ ಕರೆದಾಗ..."

"ಕೇಳು," ಎಂದು ಮುತ್ತಮ್ಮ ಎದ್ದಳು. ಫೋನು ಇಸಿದುಕೊಂಡಳು, ಕವರನ್ನು ಸೆರಗಿಗೆ ಸೇರಿಸಿದಳು. ಅವರೆಕಾಯಿಯ ಚೀಲವನ್ನು ಒಂದು ಸಲ ನೋಡಿ ಹಾಗೇ ಬಿಟ್ಟು ಹೋದಳು. ತೆಗೆದುಕೊಂಡು ಹೋಗಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅನಸೂಯಳಿಗೆ.

ಕಂಪನಿಯ ನಂಬರಿಗೆ ಎರಡನೇ ಸಲ ಹಚ್ಚುತ್ತಿದ್ದಾಗ ಬಾಗಿಲಲ್ಲಿ ಗಿರಾಕಿ ಬೈಲಪ್ಪ ಬಂದು ನಿಂತ, ಚಪ್ಪಲಿ ಇನ್ನೂ ಕಾಲಲ್ಲೇ.

"ಏನವ್ವ, ಸರ್ವರ್ ಐತಾ?"

"ಒಳಗ್ ಬಂದು ಕೂತ್ಕೊಳಣ್ಣ," ಅಂದಳು. "ನೋಡಿ ಹೇಳ್ತೀನಿ."