ಹದಿನಾರು ಚೌಕದ ರಘುವೀರ ಮಾಸ್ತರರು

ರಬಕವಿಯ ಸೀರೆ ಅಂಗಡಿಯೊಂದರಲ್ಲಿ, ಗ್ರಾಫ್ ಹಾಳೆಯ ಮೇಲೆ ಬರೆದ ಅಂಚಿನ ಚಿತ್ತಾರವನ್ನು ಕಂಪ್ಯೂಟರಿಗೆ ತುಂಬಿ ಮಗ್ಗಕ್ಕೆ ಕಳಿಸುವುದು ನನ್ನ ನೌಕರಿ. ತಲೆ ಓಡಿಸುವ ಕೆಲಸವಲ್ಲ. ಅದಕ್ಕೇ ನನ್ನನ್ನು ಇಟ್ಟುಕೊಂಡಿದ್ದಾರೆ. ಸೇರಿದ ಹೊಸತರಲ್ಲಿ ಮೇಜಿನ ಮೇಲೊಂದು ಹಾಳೆ ಸಿಕ್ಕಿತು. ಸಾಲಿಗೆ ಹದಿನಾರು ಚೌಕ, ಚೌಕಕ್ಕೊಂದು ಅಕ್ಷರ. 'ಗ' ಎಂದರೆ ಗುಲಾಬಿ, 'ನಿ' ಎಂದರೆ ನೀಲಿ ಎಂದು ನಿಷ್ಠೆಯಿಂದ ಓದಿಕೊಂಡು ಒಂದು ಸೀರೆಯನ್ನೇ ನೇಯಿಸಿಬಿಟ್ಟೆ. ಸಾಹುಕಾರ ಚನಮಲ್ಲಪ್ಪನವರು ಅಂಚು ನೋಡಿ, ಇದನ್ನು ಉಡುವ ಹೆಣ್ಣು ಇನ್ನೂ ಹುಟ್ಟಿಲ್ಲ ಎಂದರು.

ಹಾಳೆ ಹುಡುಕಿಕೊಂಡು ಬಂದವರು ರಘುವೀರ ಹುಲ್ಯಾಳಕರ ಮಾಸ್ತರರು. ಅದು ತೋಡಿ ರಾಗದಲ್ಲಿ ಅವರು ಕಟ್ಟಿದ ಹಾಡಿನ, ಅವರ ಮಾತಿನಲ್ಲಿ ಬಂದಿಶ್‌ನ ಸ್ವರಲಿಪಿ; ತೀನತಾಲದ ಹದಿನಾರು ಮಾತ್ರೆಗೆ ಹದಿನಾರು ಚೌಕ ಸರಿಹೊಂದುತ್ತವೆಂದು ನಮ್ಮ ಅಂಗಡಿಯ ಹಾಳೆಗಳನ್ನೇ ಒಯ್ಯುತ್ತಿದ್ದರಂತೆ. ಬೈಗುಳಕ್ಕೆ ಸಿದ್ಧನಾಗಿ ನಿಂತೆ. ಅವರು ಸೀರೆಯನ್ನು ತೊಡೆಯ ಮೇಲೆ ಹರಡಿಕೊಂಡು, ಅಂಚಿನುದ್ದಕ್ಕೂ ಬೆರಳೆಳೆಯುತ್ತ, ಮಗ್ಗಗಳ ಖಟಪಟದ ನಡುವೆ ಒಡೆದ ದನಿಯಲ್ಲಿ ಅದನ್ನು ಪೂರ್ತಿ ಹಾಡಿಕೊಂಡರು.

"ಹತ್ತನೇ ಮಾತ್ರಾದಾಗ ಒಂದು ಸ್ವರ ನುಂಗೀದಿ ನೋಡು," ಎಂದರು. ಸೀರೆ ಮಡಚುತ್ತ, "ಇರ್ಲಿ. ಹಾಡಿದವರಂತೂ ಯಾರೂ ಇಲ್ಲ. ನೇಯ್ದಾಂವ ನೀ ಒಬ್ಬ, ಅಷ್ಟ."

ಬದುಕಿನ ಯಾವ ಸಂಗತಿಯನ್ನೂ ಅವರು 'ಅಷ್ಟ' ಎಂಬಲ್ಲಿಗೆ ತಂದು ನಿಲ್ಲಿಸುತ್ತಿದ್ದರು. ಬೇಸಿಗೆಯಲ್ಲೂ ಬಿಡದ ಕಂದು ಕೋಟು, ಹಾಳೆಗಳನ್ನು ತುರುಕಿ ತುರುಕಿ ಜೋತುಬಿದ್ದ ಅದರ ಜೇಬು; ನಡಿಗೆಯಲ್ಲಿ ಹದಿನಾರು ಹೆಜ್ಜೆಗೊಮ್ಮೆ ಭಾರವಾಗಿ ಊರುವ ಬಲಗಾಲು. ನಮಸ್ಕಾರ ಎಂದವನು ಆ ಹದಿನಾರರ ಆವರ್ತನ ಮುಗಿಯುವವರೆಗೆ ಕಾಯಬೇಕು. ಸೊಕ್ಕೆಂದು ತಿಳಿದು ಮಂದಿ ನಮಸ್ಕಾರವನ್ನೇ ಬಿಟ್ಟರು. ಅವರಿಗದು ಅನುಕೂಲವೇ ಆಯಿತು.

ಮುಧೋಳದ ಸಾಲೆಯಲ್ಲಿ ಮೂವತ್ತು ವರ್ಷ ಪ್ರಾರ್ಥನಾಗೀತೆ ಕಲಿಸಿದರು. ಮನೆಯಲ್ಲಿ ಇನ್ನೂರ ಹದಿನಾಲ್ಕು ಬಂದಿಶ್ ಕಟ್ಟಿದರು. ಕಂಠ ಕೈಕೊಟ್ಟ ಮೇಲೆ ಊರೂರಿನ ಗಾಯಕರಿಗೆ ಹಾಳೆ ಕಳಿಸಿದರು. ಛಲೋ ಅದಾವು ಎಂದು ಹೊಗಳಿ ಎಲ್ಲರೂ ಪೆಟ್ಟಿಗೆಯಲ್ಲಿಟ್ಟರು. ಒಬ್ಬ ಸಜ್ಜನರು ಮಾತ್ರ ಖರೆ ಬರೆದರು: ಕಟ್ಟಿದವರು ಸತ್ತು ನೂರು ವರ್ಷವಾಗದ ಬಂದಿಶ್‌ಗೆ ಸಭೆಯಲ್ಲಿ ತೂಕವಿಲ್ಲ. ತಮ್ಮದೊಂದನ್ನು ಸಭೆಯಲ್ಲಿ ಕುಳಿತು ಕೇಳಿ ಸಾಯಬೇಕೆಂಬುದೊಂದೇ ಮಾಸ್ತರರ ಆಸೆ. ಬದುಕಿದ್ದೇ ಅದಕ್ಕೆ ಅಡ್ಡಿಯಾಗಿತ್ತು.

ಹೋದ ವರ್ಷ ಅವರ ಶಿಷ್ಯೆ, ಈಗ ಪುಣೆಯಲ್ಲಿ ಹೆಸರಾದ ಧನಶ್ರೀ, ಜಮಖಂಡಿಯಲ್ಲಿ ಒಂದು ಭಾನುವಾರ ಬೆಳಿಗ್ಗೆ ಹಾಡಿದಳು. ಮಾಸ್ತರರು ಕೋಟು ಇಸ್ತ್ರಿ ಮಾಡಿಸಿ, ಜೇಬು ಖಾಲಿ ಮಾಡಿ, ನನ್ನನ್ನೂ ಕರೆದೊಯ್ದರು. ಇನ್ನೂರು ವರ್ಷದ ಪಾರಂಪರಿಕ ರಚನೆ ಎಂದು ನಿರೂಪಕಿ ಸಾರಿದಳು. ಧನಶ್ರೀ ಎತ್ತಿಕೊಂಡದ್ದು ನಾನು ನೇಯಿಸಿದ ಅಂಚನ್ನೇ. ನಾನು ನುಂಗಿದ್ದ ಹತ್ತನೇ ಮಾತ್ರೆಯ ಸ್ವರವನ್ನೂ ಅವಳು ಬಿಡಲಿಲ್ಲ. ಬಿಟ್ಟದ್ದು ಹೆಸರನ್ನು ಮಾತ್ರ. ಎರಡನೆಯ ಚರಣದಲ್ಲಿ ಅವರ ಅಂಕಿತವಿದ್ದ ಜಾಗದಲ್ಲಿ ಬೇರೊಂದು ಶಬ್ದ ಕೂತಿತ್ತು.

ಸಭೆ ತಲೆದೂಗಿತು. ಆಮೇಲೆ ಅವಳು ಬಂದು ಕಾಲು ಮುಟ್ಟಿ, ತಲೆ ಎತ್ತದೆ, "ಹಳೇದು ಅಂದ್ರನ ಕೇಳತಾರ್ರಿ, ಸರ್," ಎಂದಳು. ಲಯ ಛಲೋ ಇತ್ತೆಂದರು ಮಾಸ್ತರರು.

ಹಾಡಿದವರಿಗೆ ಚಪ್ಪಾಳೆ, ನೇಯ್ದವರಿಗೆ ಪಗಾರ. ನಡುವೆ ಈ ಕಟ್ಟುವವರ ಕುಲವೊಂದಿದೆ, ತಾನು ಹೆತ್ತದ್ದು ಎದುರಿಗೇ ಹಾದುಹೋದರೂ ಗುರುತಿಲ್ಲದವರಂತೆ ಕೂರುವುದನ್ನು ಕಲಿತದ್ದು. ನನಗೆ ಆ ವಿದ್ಯೆ ಇಲ್ಲ. ನೇಯ್ದದ್ದು ನಾನೆಂದು ಪಕ್ಕದವನಿಗೆ ಸಭೆಯಲ್ಲೇ ಹೇಳಿಬಿಟ್ಟಿದ್ದೆ. ರಬಕವಿಯ ಬಸ್ಸಿನಲ್ಲಿ ತಡೆಯದೆ ಕೇಳಿದೆ: "ಎದ್ದು ನಿಂತು ನಂದು ಅನ್ನಬೇಕಿತ್ತಿಲ್ರಿ, ಸರ್?"

ಮಾಸ್ತರರು ಆವರ್ತನ ಮುಗಿಯುವವರೆಗೆ ಕಾಯಿಸಲಿಲ್ಲ.

"ಅಂದಿದ್ರ ಅದನ್ನ ಇನ್ನ ಯಾರೂ ಹಾಡತಿರಲಿಲ್ಲ ಲೇ, ಸಂಜಯ."