ಹಾವಗೆಪ್ಪನ ಮಾಳಿಗೆಗೆ ಗಾಜು

ಮನ್ನಳ್ಳಿಯ ಹಾವಗೆಪ್ಪನ ಮನೆಯಲ್ಲಿ ನಡುಮಧ್ಯಾಹ್ನವೂ ಚಿಮಣಿ ದೀಪ ಹಚ್ಚಬೇಕಿತ್ತು. ತಲೆಯ ಮೇಲೆ ಮಣ್ಣಿನ ಮಾಳಿಗೆ, ದಪ್ಪ ಗೋಡೆ, ಕಿಟಕಿ ಒಂದೂ ಇಲ್ಲ. ಬೆಳಕು ಬರಲೆಂದು ಹಿರಿಯರು ಮಾಳಿಗೆಯಲ್ಲಿ ಎರಡು ಬೆಳಕಿಂಡಿ ಬಿಟ್ಟಿದ್ದರು, ಅಡುಗೆಮನೆಗೊಂದು, ಪಡಸಾಲೆಗೊಂದು. ನಿಜಾಮನ ಪರದ ರಜಾಕಾರರ ಗಲಾಟೆಯ ದಿನಗಳಲ್ಲಿ ಯಾರಾದರೂ ಅವುಗಳೊಳಗಿಂದ ಇಳಿದಾರೆಂದು ಹೆದರಿ ಹಾವಗೆಪ್ಪ ಎರಡಕ್ಕೂ ಕಲ್ಲು-ಮಣ್ಣು ತುಂಬಿದ್ದ. ಪೊಲೀಸ್ ಆ್ಯಕ್ಷನ್ ಆಗಿ ಅವರ ಕಾಟ ಮುಗಿದು ಮೂರು ವರ್ಷವಾದರೂ ತೆಗೆದಿರಲಿಲ್ಲ.

ಅಂಥ ಮನೆಗೆ ಭಾಲ್ಕಿಯ ಕೌಸಲ್ಯಾಬಾಯಿ ಮಗನಿಗೆ ಹೆಣ್ಣು ನೋಡಲು ಬಂದಳು. ಒಲೆಯ ಹೊಗೆಗೆ ಚಿಮಣಿಯೂ ಮಂಕಾಗಿತ್ತು. ಎದುರಿಗೆ ಸೀರೆಯ ಅಂಚು ಕಂಡದ್ದೇ, "ಹೆಸರೇನವ್ವ ನಿಂದು?" ಎಂದು ಕೇಳಿದಳು. ಉತ್ತರವಿಲ್ಲ.

"ಹುಡುಗಿಗಿ ನಾಚಿಕಿ ಭಾಳ," ಎಂದು ಪ್ರೀತಿಯಿಂದ ಕುಂಕುಮ ಹಚ್ಚಿದಳು.

ಅದು ಹಳೇ ಸೀರೆ ಹೊದಿಸಿದ್ದ ಜೋಳದ ಚೀಲ. "ನಾ ಈ ಕಡಿ ಇದ್ದೇನ್ರಿ," ಎಂದು ಹಿಂದಿನಿಂದ ಹಾವಗೆಪ್ಪನ ಮಗಳು ಶಿವಕಾಂತಾ ಅಂದಳು. ಕೌಸಲ್ಯಾಬಾಯಿ ಗಕ್ಕನೆ ತಿರುಗಿ ಬೀಸುಕಲ್ಲು ಎಡವಿದಳು.

"ಹುಡುಗಿ ದನಿ ಛಲೋ ಅದ," ಎಂದಳು, ಹೆಬ್ಬೆರಳು ಹಿಡಿದುಕೊಂಡು. "ಮಾರಿ ನೋಡಲಾಕ ಮತ್ತೊಮ್ಮೆ ಬರ್ತೇವ್ರಿ. ಅಷ್ಟರಾಗ ಮನ್ಯಾಗ ಬೆಳಕ ಮಾಡ್ರಿ." ಕುಂಟುತ್ತ ಹೋಗಿ ಬಂಡಿ ಹತ್ತಿದಳು.

ಶಿವಕಾಂತಾ ಅಳಲಿಲ್ಲ. ಅಪ್ಪನ ಎದುರಿಗೆ ಕುಂತು ಕೇಳಿದಳು: "ಅಪ್ಪಾ, ಅಂಜಿಸಿದವ್ರು ಹೋಗಿ ಮೂರ ವರ್ಷ ಆತು. ಇನ್ನಾ ಯಾರಿಗಿ ಅಂಜಿ ಕತ್ತಲ್ದಾಗ ಕುಂತೀವಿ?"

ಹಾವಗೆಪ್ಪ ಎದ್ದು ಮಾಳಿಗೆ ಹತ್ತಿ, ತಾನು ತುಂಬಿದ್ದ ಕಲ್ಲು-ಮಣ್ಣು ನೋಡಿ ಬಂದ. ಮರುದಿನ ನೌಬಾದದ ಗಾರೆ ಕೆಲಸದ ಗೌಂಡಿ ಖಾಜಾ ಮಿಯಾನನ್ನು ಕರೆಸಿದ. ಔರಾದಿನ ಒಂದು ಶಾಲೆಯ ಮಾಳಿಗೆಗೆ ಗಾಜು ಕೂರಿಸಿ ಬಂದವನು ಅವನು.

"ತೂತಿನ ಮ್ಯಾಲ ಗಾಜ ಇಟ್ರ ಮಳಿ ಒಳಗ ಬರಾಂಗಿಲ್ಲೇನು?" ಹಾವಗೆಪ್ಪ ಕೇಳಿದ.

"ತೂತಿನ ಸುತ್ತ ಗೇಣೆತ್ತರ ಗಚ್ಚಿನ ಕಟ್ಟಿ ಕಟ್ಟತೇನ್ರಿ. ಗಾಜ ಜರಾ ಇಳಿಜಾರ ಇರತದ, ಅಂಚು ಕಟ್ಟಿ ದಾಟಿ ಹೊರಗ ಚಾಚಿರತದ. ನೀರು ಹೊರಗೇ ಬೀಳತದ."

"ಮತ್ತ ಹೊಗಿ?"

"ಗಾಜಿನ ಕೆಳಗ, ಕಟ್ಟಿ ಬಾಜೂಕ ಸಂದಿ ಬಿಡ್ತೇನಿ. ಹೊಗಿ ಅಲ್ಲಿಂದ ಹೋಗತದ."

"ಒಡದು ತಲಿಮ್ಯಾಲ ಬಿದ್ರ?"

"ದಪ್ಪ ಗಾಜ ಹಾಕೋಣು. ಕೆಳಗ ಕಬ್ಬಿಣದ ಸರಳು, ಜಾಳಗಿ. ಕಳ್ಳನೂ ಇಳ್ಯಾಂಗಿಲ್ಲ, ಚೂರೂ ಬೀಳಾಂಗಿಲ್ಲ. ಖರೇ, ನೀವು ಮಾತ್ರ ಅದರ ಮ್ಯಾಲ ಕುಂಡ್ರಬ್ಯಾಡ್ರಿ."

ಹಾವಗೆಪ್ಪ ಅರ್ಧ ಮಾತ್ರ ಒಪ್ಪಿದ. "ಅಡಗಿಮನಿದು ಮಾಡು. ಪಡಸಾಲಿದು ನಾ ಮುಚ್ಚೀನಿ, ಪಕ್ಕಾ ಅದ. ಅದಕ್ಕ ಕೈ ಹಚ್ಚಬ್ಯಾಡ."

ಕೆಲಸ ಮುಗಿದ ದಿನ ಒಲೆಯ ಮುಂದೆ ಬಿಸಿಲಿನ ಚೌಕ ಬಿತ್ತು. ಹೆಂಡತಿ ವಿಮಲಾಬಾಯಿ ರೊಟ್ಟಿ ಬಡಿಯುತ್ತಿದ್ದಳು. ಹಾವಗೆಪ್ಪ ಬಗ್ಗಿ ಅವಳ ಮುಖ ನೋಡಿದ. "ನಿನ್ನ ಕಣ್ಣ ಇಷ್ಟ ಕೆಂಪ ಯಾವಾಗ ಆದವು?"

"ಮೂರ ವರ್ಷ ಆತ್ರಿ," ಎಂದಳು ಅವಳು, ರೊಟ್ಟಿ ತಿರುವುತ್ತ.

ಆದರೂ ಅವನ ಅನುಮಾನ ಹೋಗಲಿಲ್ಲ. ಮೊದಲ ದೊಡ್ಡ ಮಳೆಗೆ ಛತ್ರಿ ಬಿಚ್ಚಿ, ಎಡಕ್ಕೊಂದು ಬಲಕ್ಕೊಂದು ಕೊಡ ಇಟ್ಟುಕೊಂಡು ಗಾಜಿನ ಕೆಳಗೇ ಕುಂತ. ಒಂದು ತಾಸು ಕಳೆಯಿತು. ಒಂದು ಹನಿಯೂ ಬೀಳಲಿಲ್ಲ. ಅಷ್ಟರಲ್ಲಿ ಪಡಸಾಲೆಯಿಂದ ಶಿವಕಾಂತಾಳ ದನಿ ಬಂತು: "ಅಪ್ಪಾ, ಛತ್ರಿ ಈ ಕಡಿ ತರ್ರಿ. ನಿಮ್ಮ ಪಕ್ಕಾ ಬೆಳಕಿಂಡಿ ಸೋರಲಾಕ ಹತ್ತೇದ."

ಅವನೇ ತುಂಬಿದ್ದ ಮಣ್ಣು ನೀರು ಕುಡಿದು, ಅವನದೇ ಹಾಸಿಗೆಯ ಮೇಲೆ ಕೆಸರಾಗಿ ಇಳಿಯುತ್ತಿತ್ತು. ಮಳೆ ನಿಂತದ್ದೇ ಹಾವಗೆಪ್ಪ ನೌಬಾದದ ದಾರಿ ಹಿಡಿದ. ವಾರದೊಳಗೆ ಪಡಸಾಲೆಗೂ ಬೆಳಕು ಬಂತು. ಕೌಸಲ್ಯಾಬಾಯಿ ಮಗನನ್ನು ಕರೆದುಕೊಂಡು ಬಂದು ಹೆಣ್ಣು ನೋಡಿ ಒಪ್ಪಿದಳು. ಶಿವಕಾಂತಾ ಕೂಡ ಹುಡುಗನನ್ನು ಬೆಳಕಿನಲ್ಲಿ ನಿಲ್ಲಿಸಿ, ಸಾವಕಾಶ ನೋಡಿ, ಆಮೇಲೆ ಹೂಂ ಅಂದಳು.

ಅಣ್ಣಗಳಿರಾ, ಅಕ್ಕಗಳಿರಾ, ಆ ಅಂಜಿಕೆಯ ದಿನಗಳು ಮುಗಿದವು. ನಿಮ್ಮ ಮಾಳಿಗೆಯ ಬೆಳಕಿಂಡಿ ಇನ್ನೂ ಮುಚ್ಚಿದ್ದರೆ ಈ ಮಳೆಗಾಲದ ಮೊದಲೇ ತೆಗೆಸಿರಿ. ಬಲ್ಲ ಗೌಂಡಿಯ ಕೈಯಿಂದ ಎತ್ತರದ ಕಟ್ಟೆ ಕಟ್ಟಿಸಿ, ಕೆಳಗೆ ಜಾಳಿಗೆ ಹಾಕಿಸಿ, ದಪ್ಪ ಗಾಜು ಕೂರಿಸಿರಿ. ಹೊಗೆಗೆ ಸಂದಿ ಬಿಡಿಸುವುದು ಮರೆಯಬೇಡಿರಿ. ಗಾಜಿನ ಮೇಲೆ ಕಾಲಿಡದೆ ಆಗಾಗ ಧೂಳು ಒರೆಸಿರಿ. ಮನೆಯ ಹೆಣ್ಣುಮಕ್ಕಳ ಕಣ್ಣುಗಳು ಹೊಗೆಗೆ ಕೆಂಪಾಗಿವೆಯೇ? ಇವತ್ತೇ ಬೆಳಕಿಗೆ ಕರೆದು ನೋಡಿರಿ.