ಇನೆಜಳ ಕೆಂಪು ಕೋಟು

ಸ್ವಿಟ್ಜರ್ಲೆಂಡಿಗೆಂದು ಕೊಂಡ ಕೆಂಪು ಉಣ್ಣೆಯ ಕೋಟು ಕುವೈತಿನ ಮೈದಾನ್ ಹವಲ್ಲಿಯ ಫ್ಲಾಟಿನ ಕಪಾಟಿನಲ್ಲಿ ನೇತಾಡುತ್ತಿತ್ತು. ಅದನ್ನು ಕಂಡಾಗಲೆಲ್ಲ ಇನೆಜಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಬಕ್ರೀದಿನ ರಜೆಯಲ್ಲಿ ನಾಲ್ಕು ದಿನ ಹಿಮ ನೋಡಿ ಬರೋಣವೆಂದು ಅವಳೂ ಗಂಡ ಮಥಾಯಸನೂ ಟೂರಿಗೆ ಹೆಸರು ಕೊಟ್ಟಿದ್ದರು. ಬೇಸಿಗೆಗೆ ಗಂಟುಮೂಟೆ ಕಟ್ಟಿ ಉಡುಪಿಗೆ ಮರಳುವವರು. ಹೋದರೆ ಈಗ, ಇಲ್ಲವಾದರೆ ಇನ್ನಿಲ್ಲ. ಅಷ್ಟರಲ್ಲಿ ಆಫೀಸಿನಲ್ಲಿ ಪಕ್ಕದ ಮೇಜಿನ ಶರ್ಲಿನ್ ಮ್ಯಾನೇಜರನ ಕಿವಿ ಊದಿದಳು. ಇನೆಜ್ ಯುರೋಪಿನಿಂದ ತಿರುಗಿ ಬರುವುದಿಲ್ಲ, ಕೆಲಸವನ್ನು ಅರ್ಧಕ್ಕೆ ಬಿಟ್ಟು ಹಾಗೇ ಊರಿಗೆ ಹಾರುತ್ತಾಳೆ ಎಂದಳಂತೆ. "ಖಲಾಸ್, ರಜೆ ಇಲ್ಲ" ಎನ್ನುವಾಗ ಮ್ಯಾನೇಜರನೇ ಅದನ್ನು ಬಾಯಿಬಿಟ್ಟ. ಆ ರಜೆಯೂ ಟೂರಿನ ಆ ಎರಡು ಸೀಟುಗಳೂ ಶರ್ಲಿನಳ ಪಾಲಾದವು.

ಕುವೈತಿನಿಂದ ಯುರೋಪಿಗೆ ಹೊರಟವರು ಕೋಟು ಕೊಳ್ಳುವುದು ಕಡಿಮೆ. ಇದ್ದವರ ಮನೆಯಿಂದ ಕೇಳಿ ತರುವುದೇ ರೂಢಿ. ನಾಚಿಕೆಗೆಟ್ಟ ಶರ್ಲಿನ್ ಕೇಳಿದ್ದೂ ಇನೆಜಳನ್ನೇ.

"ಕೋಟು ಸುಮ್ನೆ ನೇತಾಡ್ತಾ ಉಂಟಲ್ಲ ಇನೆಜ್ ಬಾಯಿ, ನಾಲ್ಕು ದಿನಕ್ಕೆ ಕೊಡಿ ಮಾರಾಯ್ರೆ."

"ಅದಕ್ಕೇನಂತೆ, ತಕೊಂಡು ಹೋಗು. ನಾಳೆ ಬಾ," ಎಂದು ಇನೆಜ್ ನಕ್ಕಳು.

ಆ ಸಂಜೆ ಕೋಟಿನ ಅಂಚು ಬಿಚ್ಚಿ, ಮಲ್ಪೆಯಿಂದ ತಂದಿದ್ದ ಒಣ ಸಿಗಡಿಯನ್ನು ಒಳಗಡೆ ಉದ್ದಕ್ಕೂ ತುಂಬಿ ಹೊಲಿದಳು. ಮೇಲಿನಿಂದ ಜೇಬಿನ ತುಂಬ ಘಾಟಿನ ನುಸಿಗುಳಿಗೆ ಹಾಕಿದಳು. ಒಣಗಿದ್ದಷ್ಟು ಹೊತ್ತು ವಾಸನೆ ಅಡಗಿರುತ್ತದೆ. ಹಿಮದಲ್ಲಿ ನೆನೆದು ರೈಲಿನ ಹೀಟರಿಗೆ ಬೆಚ್ಚಗಾದರೆ ಮುಂದಿನದನ್ನು ಕರಾವಳಿಯವರಿಗೆ ಹೇಳಬೇಕಿಲ್ಲ.

"ಬೇಡ ಇನೆಜ್, ದೇವರು ನೋಡ್ತಾನೆ," ಎಂದ ಮಥಾಯಸ್.

"ನೋಡ್ಲಿ. ಅವಳು ಸುಳ್ಳು ಹೇಳುವಾಗ್ಲೂ ನೋಡಿದ್ದಾನಲ್ಲ!"

ರಜೆ ಮುಗಿದು ಶರ್ಲಿನ್ ಆಫೀಸಿಗೆ ಆಲ್ಬಮ್ ತಂದಳು. ಮೊದಲ ಫೋಟೋದಲ್ಲಿ ಅವಳು ಕೆಂಪು ಕೋಟು ತೊಟ್ಟು ರೈಲಿನಲ್ಲಿ ಕುಳಿತಿದ್ದಳು; ಹಿಂದಿನ ಸೀಟಿನವರೆಲ್ಲ ಮೂಗಿಗೆ ಕರವಸ್ತ್ರ ಹಿಡಿದಿದ್ದರು. ಆಮೇಲಿನ ಯಾವ ಫೋಟೋದಲ್ಲೂ ಕೋಟಿಲ್ಲ. ಹಿಮದ ಬೆಟ್ಟದ ಮುಂದೆ ತೆಳು ಸ್ವೆಟರಿನಲ್ಲಿ ಮುದುಡಿಕೊಂಡು, ಮೂಗು ಕೆಂಪಾಗಿ, ಒಬ್ಬಳೇ ನಿಂತಿದ್ದಳು. ಗಂಡ ಬೇರೆ ಫೋಟೋದಲ್ಲಿ, ಬೇರೆಯವರೊಡನೆ.

"ಅಯ್ಯೋ, ಕೋಟು ಎಲ್ಲಿ?" ಎಂದಳು ಜೊತೆಯಲ್ಲಿ ಕೆಲಸ ಮಾಡುವ ಕ್ಲಾರಾ.

ಶರ್ಲಿನ್ ಇನೆಜಳ ಮುಖ ನೋಡಿದಳು. ಅವಳೂ ಕರಾವಳಿಯ ಕುಂದಾಪುರದವಳು, ಒಣ ಸಿಗಡಿಯ ವಾಸನೆ ತಿಳಿಯದವಳಲ್ಲ. ಆದರೆ ಅದನ್ನು ಹೇಳಿದರೆ ಇನೆಜ್ ಯಾಕೆ ಹಾಗೆ ಮಾಡಿದಳೆಂದು ಎಲ್ಲರೂ ಕೇಳುತ್ತಾರೆ.

"ಅಷ್ಟೇನೂ ಚಳಿ ಇರ್ಲಿಲ್ಲ," ಎಂದಳು ತಲೆ ತಗ್ಗಿಸಿ.

ಇನೆಜಳ ಹೊಟ್ಟೆ ತಣ್ಣಗಾಯಿತು. "ಚೆಂದ ಬಂದಿದೆ. ಇದು ನನಗಿರ್ಲಿ," ಎಂದು ಆ ಬೆಟ್ಟದ ಫೋಟೋ ಎತ್ತಿಕೊಂಡಳು. ಬೇಡವೆನ್ನುವ ಧೈರ್ಯ ಶರ್ಲಿನಳಿಗಿರಲಿಲ್ಲ.

ಮನೆಗೆ ಬಂದವಳೇ ಕತ್ತರಿ ತೆಗೆದು ಶರ್ಲಿನಳನ್ನು ಅಚ್ಚುಕಟ್ಟಾಗಿ ಕತ್ತರಿಸಿ ಕಸದ ಬುಟ್ಟಿಗೆ ಹಾಕಿದಳು. ಉಳಿದದ್ದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಬೆಟ್ಟ, ಹಿಮ, ನಡುವೆ ಒಂದು ತೂತು.

"ಈಗ ಸಮಾಧಾನ ಆಯ್ತಾ?" ಎಂದು ಕೇಳಿದ ಮಥಾಯಸ್.

ಇನೆಜ್ ಆ ತೂತಿನ ಮೇಲೆ ಬೆರಳಿಟ್ಟಳು.

"ಇಲ್ಲಿ ನಾವಿಬ್ರು ನಿಲ್ಲುದಿತ್ತು," ಎಂದಳು.